ಆ್ಯಪ್‌ಗೆ ಮೂರು ಸಲ ಬಣ್ಣ ಹಾಕಿದ್ದು

ಇದು ನಡೆದದ್ದು ಹೋದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ತಂಬಾಕು ಸೊಪ್ಪು ಬೇಯಿಸುವ ಕಾಲದಲ್ಲಿ. ನಾನು ಬಿ.ಎಸ್‌ಸಿ. ಮುಗಿಸಿ ಹುಣಸೂರಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸೊಪ್ಪು ಬೇಯಿಸುವ ಗೂಡುಗಳಿಗೆ, ಅಂದರೆ ಬ್ಯಾರನ್‌ಗಳಿಗೆ, ಥರ್ಮಾಮೀಟರ್ ಮಾರುವ ಅಂಗಡಿ. ರೈತರು ದಿನಕ್ಕೆ ಮೂರು ಸಲ ಬ್ಯಾರನ್ನಿನ ಶಾಖ ಬರೆದಿಡಲಿ ಎಂದು ನಾನೊಂದು ಮೊಬೈಲ್ ಆ್ಯಪ್ ಮಾಡಿದೆ. ಹನ್ನೆರಡು ಮಂದಿ ರೈತರಿಗೆ ಕೊಟ್ಟು ನೋಡುವುದು, ಅಕ್ಟೋಬರ್ ಕೊನೆಗೆ ಅವರು ದಿನಾ ತೆರೆಯುತ್ತಿದ್ದರೆ ಆ್ಯಪ್ ಉಳಿಯುತ್ತದೆ, ಇಲ್ಲದಿದ್ದರೆ ನಾನು ಕೌಂಟರಿನಲ್ಲಿ ನಿಂತು ಥರ್ಮಾಮೀಟರ್ ಮಾರಬೇಕು ಎಂದು ಅಂಗಡಿಯ ಸಾಹೇಬರು ಹೇಳಿದ್ದರು. ಆ್ಯಪ್‌ನಲ್ಲಿ ತಪ್ಪಿರಲಿಲ್ಲ. ಹಿನ್ನೆಲೆಯ ಬಣ್ಣವನ್ನು ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಏನಾದರೂ ಆಗುತ್ತಿತ್ತು.

೧. ಗಡಿ

ಮೊದಲು ಹಿನ್ನೆಲೆ ಬಿಳಿಯಾಗಿತ್ತು. ಸುಣ್ಣ ಹೊಡೆದು ಬಿಟ್ಟ ಗೋಡೆಯ ಹಾಗಿದೆ ಎಂದರು ಸಾಹೇಬರು. ನಾನು ಗ್ರೇಡಿಯಂಟ್ ಹಾಕಿದೆ: ಮೇಲೆ ನೀಲಿ, ಕೆಳಗೆ ನೇರಳೆ, ಒಂದು ಇನ್ನೊಂದಕ್ಕೆ ನಿಧಾನವಾಗಿ ತಿರುಗುವಂತೆ. ಸಾಹೇಬರು ಕನ್ನಡಕ ಹಾಕಿಕೊಂಡು, ನೀಲಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ಹುಡುಕಿದರು. ಮುಗಿಯುವ ಜಾಗವೇ ಇರುವುದಿಲ್ಲ, ಅದೇ ಅದರ ವಿಶೇಷ ಎಂದೆ.

"ನಮ್ಮನೆ ಗೋಡೆಗೆ ಪೇಂಟರ್ ಹಿಂಗೆ ಕಲೆಸಿಟ್ಟಿದ್ರೆ, ಅವನನ್ನ ಏಣಿಯಿಂದ ಇಳಿಯೋಕೇ ಬಿಡ್ತಿರ್ಲಿಲ್ಲ ಕಣಪ್ಪ" ಎಂದರು.

ಸೊಪ್ಪಿನ ಬಣ್ಣ ಹಾಕು ಎಂದೂ ಹೇಳಿದರು.

೨. ಮೇಲಿನ ಹಸಿರು

ಬ್ಯಾರನ್ನಿನೊಳಗೆ ಹಸಿರು ಸೊಪ್ಪು ಮೊದಲು ಹಳದಿಯಾಗುತ್ತದೆ. ರೈತರು ಅದನ್ನು ಹಣ್ಣಾಗುವುದು ಎನ್ನುತ್ತಾರೆ. ಹಾಗಾಗಿ ಮೇಲೆ ಹಸಿರು, ಕೆಳಗೆ ಹಳದಿ ಹಾಕಿದೆ. ಮೂರನೇ ದಿನ ಎಚ್.ಡಿ. ಕೋಟೆ ಕಡೆಯ ಒಬ್ಬ ರೈತ ಮಹಿಳೆ ಫೋನ್ ಮಾಡಿದರು. ಕೆಳಗೆ ಹಳದಿ ಬಂದಿದೆ, ಮೇಲೆ ಹಸಿರು ಹೋಗುತ್ತಲೇ ಇಲ್ಲ, ಇನ್ನೆಷ್ಟು ಸೌದೆ ಹಾಕಬೇಕು ಎಂದು ಕೇಳಿದರು. ನನಗೆ ಭಯವಾಯಿತು. ಬ್ಯಾರನ್ನಿನ ಗಾಜಿನ ಕಿಟಕಿಯಲ್ಲಿ ಸೊಪ್ಪನ್ನು ನೋಡಿ ಅಮ್ಮ ಎಂದೆ.

"ಸೊಪ್ಪು ನಿನ್ನೇನೇ ಅಣ್ಣಾಗ್ಬುಟ್ಟದೆ ಕಣಪ್ಪ. ಪೋನ್ ಅಣ್ಣಾಗ್ಲಿ ಅಂತ ಕಾಯ್ತಾ ಇವ್ನಿ."

೩. ಬ್ಯಾಟರಿ

ಆಮೇಲೆ ಹಸಿರನ್ನೇ ತೆಗೆದೆ. ಮೇಲೆ ಹಳದಿ, ನಡುವೆ ಕಿತ್ತಳೆ, ಕೆಳಗೆ ಕಂದು. ಬೆಂದ ಸೊಪ್ಪಿನ ಬಣ್ಣಗಳು. ಯಾರೂ ಫೋನ್ ಮಾಡಲಿಲ್ಲ. ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಕೌಂಟರ್ ಕಣ್ಣ ಮುಂದೆ ಬಂತು. ನೋಡೋಣವೆಂದು ಪಿರಿಯಾಪಟ್ಟಣದ ಹತ್ತಿರ, ಆ ಹನ್ನೆರಡು ಮಂದಿಯಲ್ಲಿ ಒಬ್ಬರ ಹಳ್ಳಿಗೆ ಬಸ್ಸಿನಲ್ಲಿ ಹೋದೆ.

ಜಗಲಿಯ ಮೇಲೆ ಅಣ್ಣ ತಮ್ಮ ಕೂತಿದ್ದರು. ಚೊಂಬಿಗೆ ಒರಗಿಸಿದ ಫೋನಿನಲ್ಲಿ ನನ್ನ ಆ್ಯಪ್ ತೆರೆದಿತ್ತು. ಒಂದೊಂದೇ ಎಲೆಯನ್ನು ಪರದೆಗೆ ಹಿಡಿದು ಗ್ರೇಡ್ ಮಾಡುತ್ತಿದ್ದರು: ಹಳದಿಗೆ ಹೊಂದಿದರೆ ಒಂದನೇ ರಾಶಿ, ಕಿತ್ತಳೆಗೆ ಎರಡು, ಕಂದಿಗೆ ಮೂರು. ಪಕ್ಕದ ಮನೆಯವರೂ ತಮ್ಮ ಸೊಪ್ಪು ತಂದು ಕಾಯುತ್ತಿದ್ದರು.

ಬ್ಯಾಟರಿ ಕಡಿಮೆಯಾಗಿ ಪರದೆ ಮಂಕಾಗಿತ್ತು. ಹಳದಿಯೇ ಕಂದಾಗಿ ಕಾಣುತ್ತಿದ್ದುದರಿಂದ ಸುಟ್ಟ ಎಲೆಗಳೂ ಒಂದನೇ ರಾಶಿಗೆ ಬೀಳುತ್ತಿದ್ದವು. ಚಾರ್ಜಿಗೆ ಹಾಕಿ ಎಂದೆ. ಅಣ್ಣ ಎದ್ದ. ತಮ್ಮ ಅವನ ಕೈ ಹಿಡಿದು ಕೂರಿಸಿದ.

"ಬುಡಣ್ಣ, ಬ್ಯಾಟ್ರಿ ಇಳ್ದಷ್ಟೂ ನಮ್ ಸೊಪ್ಪು ಮ್ಯಾಲಕ್ಕೋಯ್ತಾ ಅದೆ."

ವಾಪಸು ಬಂದು ಎಲ್ಲರಿಗೂ ಫೋನ್ ಮಾಡಿದೆ. ಸುದ್ದಿ ಹಬ್ಬಿ ಹನ್ನೆರಡು ಮಂದಿಯೂ ಹಾಗೇ ಮಾಡುತ್ತಿದ್ದರು. ದಿನಾ ತೆರೆಯುತ್ತಾರೆ ಎಂದು ಸಾಹೇಬರಿಗೆ ಹೇಳಿದೆ. ಖುಷಿಯಾಗಿ, ಆ್ಯಪ್ ಇರಲಿ, ನೀನೂ ಇರು ಎಂದರು. ಆಮೇಲೆ, ಈ ವಾರ ಶಾಖ ಬರೆದವರು ಎಷ್ಟು ಜನ ಎಂದು ಕೇಳಿದರು.

ಸೊನ್ನೆ.