ಗೋವಿಂದಣ್ಣನ ಮುಖಕ್ಕೆ ಬಿದ್ದ ಬೆಳಕು

ಸ್ವಲ್ಪ ತಡೆಯಿರಿ. ಹೆಬ್ಬೆರಳನ್ನು ಪರದೆಯಿಂದ ಎತ್ತಿ. ಮುಂದಿನ ವಿಡಿಯೊ ಎಲ್ಲಿಗೂ ಓಡಿಹೋಗುವುದಿಲ್ಲ, ಇದೊಂದನ್ನು ಕೇಳಿಕೊಂಡು ಹೋಗಿ. ನಾನೊಬ್ಬ ಟ್ರಾವೆಲ್ ಫೋಟೊಗ್ರಾಫರ್. ಹಾಗೆಂದು ನಾನು ಹೇಳಿಕೊಳ್ಳುತ್ತೇನೆ, ಬೇರೆಯವರು ಯಾರೂ ಇನ್ನೂ ಹೇಳಿಲ್ಲ. ನನಗೆ ಗುರುಗಳಿಲ್ಲ. ಸಾಲಿಗ್ರಾಮದ ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ ವಿಡಿಯೊ ನೋಡಿ ನೋಡಿ ಕಲಿತವನು. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ಅದರ ಒಂದು ಗುಂಡಿಯನ್ನು ಎರಡು ಸಲ ಒತ್ತಬೇಕು. ಇನ್ನು ಟ್ರಾವೆಲ್ ಎಂದರೆ ಭಾನುವಾರ ಬೆಳಿಗ್ಗೆ ಕೋಟದ ಮನೆಯಿಂದ ಬೈಕು ಹತ್ತಿ ಬೈಂದೂರಿನ ಕಡೆ ಹೋಗಿ ಊಟದ ಹೊತ್ತಿಗೆ ವಾಪಸು ಬರುವುದು. ಫೋಟೊದ ಕೆಳಗೆ 'ಕಡಲ ದಾರಿಯ ಅಲೆಮಾರಿ' ಎಂದು ಬರೆಯುತ್ತೇನೆ. ಅದನ್ನು ಓದಿದ ಅಮ್ಮ, "ಉಪ್ಪುಂದಕ್ಕ್ ಹೋಪುದಕ್ಕೆಲ್ಲ ಟ್ರಿಪ್ ಅಂತ್ರಾ? ಹಾಂಗಾರೆ ನಾನ್ ಕುಂದಾಪ್ರ ಸಂತಿಗ್ ಹೋಪುದ್ ಫಾರಿನ್ ಟೂರ್" ಎಂದಳು. ಕಲಾವಿದರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೊರಗೆ ಬೆಲೆ ಸಿಗಲಿ ಎಂದು ಆನ್‌ಲೈನಿನಲ್ಲಿ ಕರಾವಳಿಯ ಫೋಟೊಗ್ರಾಫರುಗಳ ಒಂದು ಗುಂಪಿಗೆ ಸೇರಿದೆ. ಅಲ್ಲಿ ಲೈಕ್ ಎನ್ನುವುದು ಮದುವೆ ಮನೆಯ ಮುಯ್ಯಿ ಇದ್ದಂತೆ. ನಿಮ್ಮ ಮಿಂಚುಳ್ಳಿಗೆ ನಾನೊಂದು ಹೃದಯ ಒತ್ತಿದರೆ ನನ್ನ ಸೂರ್ಯಾಸ್ತಕ್ಕೆ ನೀವೊಂದು ಒತ್ತಬೇಕು. ಒತ್ತದಿದ್ದರೆ ನಿಮ್ಮ ಮುಂದಿನ ಮಿಂಚುಳ್ಳಿಯ ದಿನ ನನಗೆ ನೆಟ್‌ವರ್ಕ್ ಇರುವುದಿಲ್ಲ. ಆದರೆ ಗುಂಪಿನ ನಿಜವಾದ ಸಂಪತ್ತು ಲೈಕ್ ಅಲ್ಲ, ವಿಮರ್ಶೆ. ಅಡ್ಮಿನ್ ಸರ್ ಬ್ರಹ್ಮಾವರದವರು. ಅವರು ಫೋಟೊ ತೆಗೆದದ್ದನ್ನು ಯಾರೂ ಈಚೆಗೆ ಕಂಡಿಲ್ಲ, ಆದರೆ ಬೇರೆಯವರ ಫೋಟೊ ಎಲ್ಲಿ ವಾಲಿದೆ ಎನ್ನುವುದನ್ನು ಮಾತ್ರ ಕಣ್ಣು ಮುಚ್ಚಿ ಹೇಳುತ್ತಾರೆ. ಕುಂದಾಪುರದ ಇನ್ನೊಬ್ಬರು ಎಲ್ಲ ಫೋಟೊಗಳಿಗೂ "ಯಾವ ಲೆನ್ಸ್?" ಎಂದು ಕೇಳುತ್ತಾರೆ. ನಾವು ಹೇಳಿದ ಕೂಡಲೇ "ಅದಕ್ಕೇ ಹೀಗೆ" ಎಂದು ಬರೆದು ಮಾಯವಾಗುತ್ತಾರೆ. ಇಷ್ಟೆಲ್ಲ ಸಹಿಸಿಕೊಳ್ಳುವುದು ಒಂದೇ ಕಾರಣಕ್ಕೆ. ಪ್ರತಿ ತಿಂಗಳು ಒಬ್ಬರ ಫೋಟೊ ಗುಂಪಿನ ಕವರ್ ಆಗುತ್ತದೆ. ಅಲ್ಲಿ ನನ್ನ ಹೆಸರು ಬರಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಯಾವ ಮಾತನ್ನಾದರೂ ಮುರಿಯುವಷ್ಟಿತ್ತು. ಅದು ನನಗೂ ಆಮೇಲೆ ಗೊತ್ತಾದದ್ದು.

ಆ ಭಾನುವಾರ ಉಪ್ಪುಂದದ ಕಡಲ ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಬಲೆ ಸುತ್ತಿ ಬಂದು, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಜನ ಸಾಲಾಗಿ ಎಳೆಯುವ ಕೆಲಸ ಅದು. ದಾರಿಯಲ್ಲಿ ಹೋಗುವವನೂ ಬಂದು ಹಗ್ಗಕ್ಕೆ ಕೈ ಹಾಕಬಹುದು. ಕೈ ಹಾಕಿದವನಿಗೆ ಕೊನೆಗೆ ಒಂದು ಪಾಲು ಮೀನು. ನಾನು ನೀರಿಗೆ ಬೆನ್ನು ಹಾಕಿ ನಿಂತೆ. ಎದುರಿಗೆ ತೆಂಗಿನ ಮರಗಳ ಸಂದಿಯಿಂದ ಸೂರ್ಯ ಏಳುತ್ತಿದ್ದ. ಹಗ್ಗದ ಮುಂದಿನ ತುದಿಯಲ್ಲಿ ಒಬ್ಬರು ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದರು. ಕ್ಯಾಮೆರಾ ಎತ್ತಿದ ಕೂಡಲೇ ಅವರು ಕೂಗಿದರು.

"ಹ್ವಾಯ್, ಮೊಕ ಕಾಂತಾ ಅದ್ರಲ್ಲಿ?"

"ಎಂತಕ್ ಅಣ್ಣ?"

"ಹರ್ನಿಯಾ ಆಪ್ರೇಷನ್ ಆಯ್ತ್ ಮಾರಾಯಾ. ಹಗ್ಗ ಮುಟ್ಟುಕಾಗ ಅಂದಿರ್ ಡಾಕ್ಟ್ರ್. ಡಾಕ್ಟ್ರ್ ಒಂದ್ ಸಲ ಹೇಳಿ ಬಿಟ್ರ್, ಹೆಂಡ್ತಿ ದಿನಾ ಹೇಳತ್ತ್. ನಾನ್ ಇಲ್ಲ್ ಸುಮ್ನೆ ಕೂಕಂಡ್ ಕಾಂಬುಕ್ ಬಪ್ಪುದ್ ಅಂದ್ ಅದ್ರ ಲೆಕ್ಕ."

"ಮೀನ್ ತಕಂಡ್ ಹೋತ್ರಲೆ, ಅದಕ್ಕೆಂತ ಹೇಳ್ತ್ರಿ?"

"ಕೂಕಂಡವ್ರಿಗೂ ಕೊಡ್ತ್ರ್ ಅಂತೆ."

ಪಕ್ಕದಲ್ಲಿ ಹಗ್ಗ ಹಿಡಿದವರು ನಕ್ಕರು. ಒಬ್ಬ, "ಗೋವಿಂದಣ್ಣ, ಕೂಕಂಡವ್ರಿಗ್ ಬೂತಾಯಿ, ಎಳ್ದವ್ರಿಗ್ ಬಂಗ್ಡಿ" ಎಂದು ಅಗ್ಗದ ಮೀನನ್ನು ಅವರಿಗೂ ಬೆಲೆಯ ಮೀನನ್ನು ತನಗೂ ಹಂಚಿಕೊಂಡ. ಅವರ ಹೆಸರು ಗೋವಿಂದಣ್ಣ ಎಂದು ನನಗೆ ಗೊತ್ತಾದದ್ದು ಹಾಗೆ. ನಾನು ಎದೆಯ ಮೇಲೆ ಕೈಯಿಟ್ಟು, "ಬೆಳ್ಕ್ ಹಿಂದಿತ್ತ್ ಅಣ್ಣ. ಮೊಕ ಪೂರ ಕಪ್ಪ್ ಬತ್ತ್. ನೀವ್ ಯಾರಂದ್ ದೇವ್ರಿಗೂ ಗೊತ್ತಾತಿಲ್ಲೆ" ಎಂದೆ. ಮುಖ ಕಾಣುವುದಿಲ್ಲ ಎಂಬ ನನ್ನ ಮಾತನ್ನು ಅವರು ನಂಬಿದರು. ಫೋಟೊ ಕಳಿಸಲೆಂದು ಇಬ್ಬರೂ ನಂಬರ್ ಬದಲಾಯಿಸಿಕೊಂಡೆವು. ಫೋಟೊ ನಿಜಕ್ಕೂ ಚೆನ್ನಾಗಿ ಬಂತು. ಚಿನ್ನದ ಬೆಳಕು, ಅದರ ನಡುವೆ ಕಪ್ಪು ಆಕೃತಿ, ಕೈಯಲ್ಲಿ ಬಿಗಿದ ಹಗ್ಗ. ಸಂಜೆಗೆ ಗುಂಪಿನಲ್ಲಿ ಹಾಕಿ, ಗೋಡೆಗೆ ಒರಗಿ ಕೂತು ಕಾಯತೊಡಗಿದೆ.

ಮೊದಲ ವಿಮರ್ಶೆ ಬಂತು: "ಅರಬ್ಬಿ ಸಮುದ್ರದ ಮೇಲೆ ಅದ್ಭುತ ಸೂರ್ಯೋದಯ!" ಪಶ್ಚಿಮದ ಕಡಲಲ್ಲಿ ಸೂರ್ಯನನ್ನು ಹುಟ್ಟಿಸಿದ ಆ ಮಹಾತ್ಮರಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋದೆ. "ಯಾವ ಲೆನ್ಸ್?" ಹೇಳಿದೆ. "ಅದಕ್ಕೇ ಹೀಗೆ." ಇನ್ನೊಬ್ಬರಿಗೆ ತೆಂಗಿನ ಮರ ಹೆಚ್ಚಾಯಿತು, ಮತ್ತೊಬ್ಬರಿಗೆ ಸಾಲದಾಯಿತು. ಆಮೇಲೆ ಅಡ್ಮಿನ್ ಸರ್ ಬಂದರು. "ಮುಖವೇ ಇಲ್ಲ. ಭಾವ ಎಲ್ಲಿಂದ ಬರಬೇಕು?" ನಾನು ವಿನಯದಿಂದ, "ಬೇಕೆಂದೇ ಹಾಗೆ ತೆಗೆದದ್ದು ಸರ್" ಎಂದು ಬರೆದೆ. "ತಪ್ಪು ಮಾಡಿದವರೆಲ್ಲ ಬೇಕೆಂದೇ ಎನ್ನುತ್ತಾರೆ. ನೆರಳನ್ನು ಸ್ವಲ್ಪ ಎತ್ತಿ. ಮುಖ ಬಂದರೆ ಈ ತಿಂಗಳ ಕವರ್‌ಗೆ ಯೋಚಿಸಬಹುದು."

ಕವರ್! ಆ ಒಂದು ಪದ ನೋಡಿ ನನ್ನ ಕಿವಿ ಬಿಸಿಯಾಯಿತು. ಫೋಟೊವನ್ನು ಮೊಬೈಲಿನಲ್ಲಿ ತೆರೆದು ನೆರಳು ಎತ್ತುವ, ಅಂದರೆ ಕಪ್ಪಾದ ಜಾಗವನ್ನು ಬೆಳಗಿಸುವ ಗೆರೆಯನ್ನು ಮೆಲ್ಲಗೆ ಬಲಕ್ಕೆ ಎಳೆದೆ. ಸ್ವಲ್ಪ ಎಳೆದಾಗ ಮೀಸೆ ಬಂತು. ಇನ್ನೂ ಸ್ವಲ್ಪ ಎಳೆದಾಗ ಹಲ್ಲು ಕಚ್ಚಿದ ಬಾಯಿ, ಹಣೆಯ ಗೆರೆ, ಅಂಗಿಯ ಚೌಕಳಿ. ಕೊನೆಗೆ ಗೋವಿಂದಣ್ಣ ಆಧಾರ್ ಕಾರ್ಡಿನಲ್ಲಿರುವುದಕ್ಕಿಂತ ಸ್ಪಷ್ಟವಾಗಿ ನನ್ನನ್ನೇ ನೋಡಿದರು. ಕೊಟ್ಟ ಮಾತು ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಅವರ ಹೆಂಡತಿ ಫೋಟೊಗ್ರಾಫರುಗಳ ಗುಂಪಿಗೆ ಬಂದು ಕೂರುತ್ತಾರೆಯೇ ಎಂದು ನನಗೆ ನಾನೇ ವಾದಿಸಿದೆ. ನ್ಯಾಯಾಧೀಶನೂ ನಾನೇ ಆದ್ದರಿಂದ ಗೆದ್ದು, ಮುಖ ಬಂದ ಫೋಟೊವನ್ನು ಗುಂಪಿಗೆ ಹಾಕಿದೆ. ಮರುದಿನ ಕವರ್ ಬದಲಾಯಿತು, ಕೆಳಗೆ ನನ್ನ ಹೆಸರು. ಅಡ್ಮಿನ್ ಸರ್ "ನೋಡಿದಿರಾ, ನಾನು ಹೇಳಿದ್ದು" ಎಂದು ಬರೆದರು. ಅಭಿನಂದನೆಗಳು ನನಗಿಂತ ಅವರಿಗೇ ಹೆಚ್ಚು ಬಂದವು.

ಒಳ್ಳೆಯ ಫೋಟೊ ಒಂದೇ ಕಡೆ ನಿಲ್ಲುವುದಿಲ್ಲ, ಅದೇ ತೊಂದರೆ. ಯಾರೋ ಪುಣ್ಯಾತ್ಮರು ಅದನ್ನು ಎತ್ತಿಕೊಂಡು, ಮೇಲೆ 'ಶುಭೋದಯ' ಎಂದೂ ಕೆಳಗೆ 'ದುಡಿಮೆಯೇ ದೇವರು' ಎಂದೂ ಬರೆದು, ಮೂಲೆಗೆ ಎರಡು ಗುಲಾಬಿ ಅಂಟಿಸಿ ವಾಟ್ಸಾಪಿಗೆ ಬಿಟ್ಟರು. ಅದು ಊರೆಲ್ಲ ತಿರುಗಿ ಬೈಂದೂರಿನಲ್ಲಿರುವ ಗೋವಿಂದಣ್ಣನ ನಾದಿನಿಗೆ ಮುಟ್ಟಿತು. ಅವರು ಮುಖವನ್ನೂ ನೋಡದೆ, ಬೆಳಗಿನ ಅಭ್ಯಾಸದಂತೆ, ತಮ್ಮ ಅಕ್ಕನಿಗೆ ಕಳಿಸಿದರು. ಅಕ್ಕ ಎಂದರೆ ಗೋವಿಂದಣ್ಣನ ಹೆಂಡತಿ ಸರೋಜಕ್ಕ.

ಗೋವಿಂದಣ್ಣನ ಫೋನು ಬಂತು. ಸ್ವರ ಬಾವಿಯೊಳಗಿಂದ ಬಂದಂತಿತ್ತು. "ಮಾರಾಯಾ, ದೇವ್ರಿಗೂ ಗೊತ್ತಾತಿಲ್ಲೆ ಅಂದಿದ್ದೆ ಅಲ್ದಾ? ದೇವ್ರ್ ಬಿಡ್, ಮನಿಯಂಗೆ ಗೊತ್ತಾಯ್ತ್. ನೀ ಬಂದ್, ಅದ್ ಹಳಿ ಫೋಟೊ, ಆಪ್ರೇಷನ್ನಿಗ್ ಮುಂಚಿದ್ದ್ ಅಂದ್ ಒಂದ್ ಮಾತ್ ಹೇಳ್." ಮಾಡಿದ ತಪ್ಪಿಗೆ ಸುಳ್ಳಾದರೂ ಹೇಳೋಣ ಎಂದು ಮರುದಿನವೇ ಅಂಗಡಿಗೆ ರಜೆ ಹಾಕಿ ಉಪ್ಪುಂದಕ್ಕೆ ಹೋದೆ. ಆ ದಿನ ಕ್ಯಾಮೆರಾ ಒಯ್ಯಲಿಲ್ಲ, ಅದನ್ನು ನೀವು ಪಶ್ಚಾತ್ತಾಪ ಎಂದು ತಿಳಿಯಬಹುದು.

ಸರೋಜಕ್ಕ ಜಗಲಿಯಲ್ಲಿ ಕೂರಿಸಿ ನೀರು, ಬೆಲ್ಲ ಕೊಟ್ಟರು. ಗೋವಿಂದಣ್ಣ ಕಂಬಕ್ಕೆ ಒರಗಿ ಮಾಡಿನ ಹಂಚು ನೋಡುತ್ತಿದ್ದರು. ನಾನು ಗಂಟಲು ಸರಿ ಮಾಡಿಕೊಂಡು, "ಅಕ್ಕ, ಅದ್ ಹಳಿ ಫೋಟೊ" ಎಂದೆ.

"ಹೌದಾ?" ಎಂದವರೇ ಸರೋಜಕ್ಕ ಮೊಬೈಲ್ ತೆಗೆದು, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿದರು. "ಈ ಚೌಕಳಿ ಅಂಗಿ ಆಸ್ಪತ್ರೆಂದ ಬಂದ್ ಮೇಲೆ ಬೈಂದೂರಂಗೆ ನಾನೇ ತಕಂಡ್ ಕೊಟ್ಟದ್ದ್. ಇಲ್ಲ್ ಕಾಣ್, ಅಂಗಿ ಅಡಿಗೆ ಬೆಳಿ ಪಟ್ಟಿ. ಅದ್ ಆಸ್ಪತ್ರೆಯವ್ರ್ ಹೊಟ್ಟಿಗ್ ಕಟ್ಟದ್ ಬೆಲ್ಟ್. ಹಳಿ ಫೋಟೊದಂಗೆ ಹೊಸ ಬೆಲ್ಟ್ ಹ್ಯಾಂಗ್ ಬಂತ್ ತಮ್ಮಾ?"

ನಾನು ಬೆಲ್ಲ ಕಚ್ಚಿದೆ. ಅಷ್ಟು ಜನ ಪಂಡಿತರು ನೋಡಿದ ಫೋಟೊ ಅದು. ಹಗ್ಗದ ಓಟ, ಬೆಳಕಿನ ಕೋನ, ಮರಗಳ ಸಂಖ್ಯೆ ಎಲ್ಲವೂ ಚರ್ಚೆಯಾಗಿತ್ತು. ಆ ಮನುಷ್ಯನ ಹೊಟ್ಟೆಗೆ ಪಟ್ಟಿ ಕಟ್ಟಿದೆ ಎನ್ನುವುದು ಒಬ್ಬರಿಗೂ ಕಂಡಿರಲಿಲ್ಲ. ಗೆರೆ ಎಳೆದು ಅದನ್ನು ಬೆಳಕಿಗೆ ತಂದ ನನಗೂ ಕಂಡಿರಲಿಲ್ಲ.

"ಹೊಲ್ಗಿ ಬಿಟ್ರೆ ಮತ್ತ್ ಆಸ್ಪತ್ರೆಗ್ ಓಡುದ್ ಯಾರ್? ಬಂಗ್ಡಿ ಓಡತ್ತಾ?" ಎಂದು ಸರೋಜಕ್ಕ ಗಂಡನ ಕಡೆ ನೋಡಿದರು. ಆ ಹೊತ್ತಿಗೆ ಅವರ ಸ್ವರದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಗೋವಿಂದಣ್ಣ ಅಂಗಿಯ ಅಂಚನ್ನು ಕೆಳಗೆ ಎಳೆದುಕೊಂಡರು. ಸರೋಜಕ್ಕ ನನ್ನ ಕಡೆ ತಿರುಗಿದರು. "ನಿನ್ ಫೋಟೊ ಲಾಯ್ಕ್ ಇತ್ತ್. ಎಲ್ಲ ಸಮಾ ಕಾಂತ್. ನೀ ಹ್ಯಾಂಗೂ ಆಯ್ತಾರಕ್ಕೊಂದ್ ಸಲ ಬತ್ತೆ ಅಲ್ದಾ? ಇವ್ರದ್ದ್ ಒಂದ್ ಫೋಟೊ ತೆಗ್ದ್ ನಂಗ್ ಕಳ್ಸ್. ಗುಂಪಿಗ್ ಹಾಕೂದ್ ಬಿಡೂದ್ ನಿನ್ ಖುಷಿ. ಮೊಕ ಮಾತ್ರ ಹೀಂಗೇ ಕಾಣ್ಕ್."

ಹೀಗೆ ಕಡಲ ದಾರಿಯ ಅಲೆಮಾರಿ ಉಪ್ಪುಂದದಲ್ಲಿ ಒಂದು ಮನೆಗೆ ಸಿಸಿ ಕ್ಯಾಮೆರಾ ಆಗಿ ನೇಮಕವಾದ. ಈಗ ಪ್ರತಿ ಭಾನುವಾರ ಗೋವಿಂದಣ್ಣ ಮಗುಚಿ ಹಾಕಿದ ದೋಣಿಯ ಮೇಲೆ ಕೂತು, ಬೇರೆಯವರು ಹಗ್ಗ ಎಳೆಯುವುದನ್ನು ಮುಖ ಊದಿಸಿಕೊಂಡು ನೋಡುತ್ತಾರೆ. ನಾನು ಒಂದು ಫೋಟೊ ತೆಗೆಯುತ್ತೇನೆ. "ತೆಗಿ, ತೆಗಿ. ನಿಂಗೂ ಒಂದ್ ಮದಿ ಆಯ್ಲಿ" ಎಂದು ನನಗೆ ಮದುವೆಯ ಶಾಪ ಹಾಕುತ್ತಾರೆ. ಕಳಿಸಿದ ಐದು ನಿಮಿಷಕ್ಕೆ ಸರೋಜಕ್ಕನ ವಿಮರ್ಶೆ ಬರುತ್ತದೆ: "ಕೂಕಂಡಿದ್ರ್. ಒಳ್ಳೇದ್."

ಕಳೆದ ವಾರ ಅಂಥದ್ದೊಂದನ್ನು ಗುಂಪಿಗೂ ಹಾಕಿದೆ. ಅಡ್ಮಿನ್ ಸರ್ ಬರೆದರು: "ವ್ಯಕ್ತಿ ಸುಮ್ಮನೆ ಕುಳಿತಿದ್ದಾನೆ. ಜೀವ ಇಲ್ಲ. ಒಮ್ಮೆ ಕೈಗೆ ಹಗ್ಗ ಕೊಟ್ಟು ತೆಗೆಯಿರಿ." ಓದಿ ನನಗೆ ಮೈಯೆಲ್ಲ ಉರಿಯಿತು. ಉತ್ತರ ಕೊಡಬಾರದೆಂದು ಗಟ್ಟಿ ಮನಸ್ಸು ಮಾಡಿದೆ. ಆಮೇಲೆ, ಆ ಮಾತಿನ ಕೆಳಗೆ ಎಲ್ಲಾದರೂ ಕವರ್ ಎಂಬ ಪದ ಇದೆಯೇ ಎಂದು ಎರಡು ಸಲ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ದಯವಿಟ್ಟು ಕೇಳಬೇಡಿ. ಅದರ ಬದಲು ನಿಮ್ಮ ಕತೆ ಹೇಳಿ. ನಾಲ್ಕು ಜನ ಭಲೇ ಎನ್ನಲಿ ಎಂದು ನೀವು ಯಾರಿಗೆ ಕೊಟ್ಟ ಮಾತನ್ನು ನುಂಗಿದ್ದೀರಿ? ಕೆಳಗೆ ಬರೆಯಿರಿ, ನಾಚಿಕೆ ಬೇಡ. ನನಗೂ ಒಬ್ಬರು ಜೊತೆ ಬೇಕಾಗಿದೆ.