ನಾಲ್ಕು ತಾಮ್ರದ ಬಟ್ಟಲು

ಅಡಿಕೆಯಷ್ಟು ದೊಡ್ಡ ನಾಲ್ಕು ತಾಮ್ರದ ಬಟ್ಟಲುಗಳನ್ನು ಪ್ರಸಾದ್ ನಡುಮನೆಯ ಗೋಡೆಗೆ ಅಂಟಿಸಿದ್ದೇ ಎಲ್ಲದಕ್ಕೂ ಮೂಲ. ಅವಿದ್ದರೆ ಹಾಡು ಕೇಳುವ ಸ್ಪೀಕರಿನ ನಾದ ಅರಳುತ್ತದೆ ಎಂದು ಮಾರಿದವರು ಡಬ್ಬಿಯ ಮೇಲೆ ಬರೆದಿದ್ದರು. ಅಂಟಿಸಿದ ದಿನ ಪ್ರಸಾದನಿಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವನು ಮೂಡಿಗೆರೆಯ ಅರ್ಧ ಪೇಟೆಗೆ, "ಕೊಳಲು ಊದೋನ ಉಸಿರೂ ಕೇಳ್ತದೆ" ಎಂದು ಹೇಳಿಯಾಗಿತ್ತು.

ಪ್ರಸಾದ್ ಅಲ್ಲಿ ತೋಟಗಳ ಕಾಫಿ ಬೀಜ ಹಸನು ಮಾಡುವ ವರ್ಕ್ಸಿನಲ್ಲಿ ರುಚಿ ನೋಡುವವನು. ಯಾವ ತೋಟದ್ದೆಂದು ತಿಳಿಯದಂತೆ ನಂಬರು ಹಚ್ಚಿದ ಕಪ್ಪುಗಳಿಂದ ಚಮಚದಲ್ಲಿ ಸುರ್ರೆಂದು ಹೀರಿ, ಉಗುಳಿ, ದರ್ಜೆ ಬರೆಯುವುದು ಕೆಲಸ. ಹನ್ನೆರಡು ವರ್ಷದಲ್ಲಿ ಅವನ ನಾಲಿಗೆ ತಪ್ಪಿದ್ದಿಲ್ಲ. ಅವನಿಗಿದ್ದ ಮರ್ಯಾದೆಯೂ ಅದೊಂದರಿಂದಲೇ. ಶನಿವಾರ ಏಳನೇ ನಂಬರಿಗೆ "ಮುಗ್ಗಲು" ಎಂದು ಬರೆದ. ಮುಗ್ಗಲೆಂದರೆ ಬೆಲೆ ಅರ್ಧಕ್ಕಿಳಿದಂತೆ. ನಂಬರಿನ ಪಟ್ಟಿ ಬಿಚ್ಚಿದರೆ, ಅದು ಪ್ಲಾಂಟರ್ ಬೆಳ್ಳಿಯಪ್ಪನವರ ಕಾಫಿ.

ಭಾನುವಾರ ಬೆಳಿಗ್ಗೆಯೇ ಅವರ ಜೀಪು ಮನೆ ಮುಂದೆ ನಿಂತಿತು. ಜೊತೆಗೆ ಮದುವೆಮನೆಗಳಿಗೆ ಮೈಕ್‌ಸೆಟ್ ಕಟ್ಟುವ ದೇವರಾಜ. ಬೆಳ್ಳಿಯಪ್ಪನವರು ಕಾಫಿಯ ಸುದ್ದಿ ಎತ್ತಲೇ ಇಲ್ಲ. ಪ್ರಸಾದನಿಗೆ ಅದೇ ಹೆದರಿಕೆ.

"ಅದೇನೋ ಬಟ್ಲಂತೆ ಮಾರಾಯ, ತೋರ್ಸು," ಎಂದರು.

ದೇವರಾಜ ಒಂದನ್ನು ಗೋಡೆಯಿಂದ ಕಿತ್ತು ನೋಡಿದ. "ಕುಂಕುಮದ ಬಟ್ಲಲ್ವ ಇದು? ಎರಡು ಗೋಣಿಚೀಲ ನೇತ್ಹಾಕಿ ಪ್ರಸಾದಣ್ಣ, ಎಕೋ ನಿಲ್ತದೆ. ಛತ್ರದಲ್ಲಿ ನಾನು ಮಾಡೋದು ಅದೇ."

"ನಡುಮನೆಗೆ ಗೋಣಿಚೀಲ ಬಂದ್ರೆ ನಾನು ತವರಿಗೆ," ಎಂದಳು ಹೆಂಡತಿ ಶಾಲಿನಿ ಒಳಗಿನಿಂದ. "ಮೊನ್ನೆ ಧೂಳು ಒರ್ಸುವಾಗ ಒಂದು ಬಟ್ಲು ಬಿತ್ತು. ತೊಟ್ಟಿಲಿಂದ ಕೂಸು ಬಿದ್ದಂಗೆ ಕೂಗಿದ್ರು ಇವ್ರು."

"ಜಗಳ ಯಾಕೆ? ವರ್ಕ್ಸಲ್ಲಿ ಕಪ್ ಪರೀಕ್ಷೆ ಮಾಡ್ತಿಯಲ್ಲ, ಹಾಗೇ ಮಾಡುವ," ಎಂದರು ಬೆಳ್ಳಿಯಪ್ಪನವರು. "ನೀನು ಕಣ್ಣು ಕಟ್ಕೊಂಡು ಆ ಕಡೆ ತಿರುಗು. ದೇವರಾಜ ಬಟ್ಲು ತೆಗೀತಾನೆ, ಹಚ್ತಾನೆ. ಇದೆಯೋ ಇಲ್ವೋ ನೀನು ಹೇಳು."

ಒಲ್ಲೆ ಎಂದರೆ ಪೇಟೆಯೆಲ್ಲ ನಗುತ್ತದೆ. ಪ್ರಸಾದ್ ಶಾಲಿನಿಯ ವೇಲು ಕಣ್ಣಿಗೆ ಕಟ್ಟಿಕೊಂಡು ಕುಳಿತ. ಸ್ಪೀಕರಿನಲ್ಲಿ ಕೊಳಲು ಶುರುವಾಯಿತು. ಬೆನ್ನ ಹಿಂದೆ ಟಕಟಕ ಸದ್ದು.

"ಈಗ ಇದೆ," ಎಂದ. ಮತ್ತೆ ಟಕಟಕ. "ಈಗಿಲ್ಲ. ಸಪ್ಪೆ." ಮತ್ತೆ ಟಕಟಕ. "ಹಾಂ! ಕೇಳಿ, ಉಸಿರು ಬಂತು!" ಹೀಗೆ ಐದು ಸಲ. ಅವನಿಗೆ ಐದು ಸಲವೂ ಕೇಳಿದ್ದು ಒಂದೇ ಕೊಳಲು.

"ಬಿಚ್ಚು ಮಾರಾಯ."

ಗೋಡೆ ಬೋಳು. ನಾಲ್ಕೂ ಬಟ್ಟಲು ಮೊದಲಿನಿಂದಲೂ ಬೆಳ್ಳಿಯಪ್ಪನವರ ಕೋಟಿನ ಜೇಬಿನಲ್ಲಿದ್ದವು. ದೇವರಾಜ ಚಮಚದಲ್ಲಿ ಗೋಡೆ ತಟ್ಟುತ್ತಿದ್ದ, ಅಷ್ಟೆ. ಬೆಳ್ಳಿಯಪ್ಪನವರ ಮೊಬೈಲು ಎಲ್ಲವನ್ನೂ ವಿಡಿಯೋ ಹಿಡಿದಿತ್ತು.

"ಇಲ್ಲದ ಬಟ್ಲು ನಿನ್ನ ಕಿವಿಗೆ ಕೇಳ್ತದೆ. ಇಲ್ಲದ ಮುಗ್ಗಲು ನಿನ್ನ ನಾಲಿಗೆಗೆ ಸಿಕ್ಕಿದ್ದು ಏನು ದೊಡ್ಡದು? ಇದನ್ನ ನಿನ್ನ ಓನರಿಗೆ ಕಳಿಸ್ಲಾ, ಇಲ್ಲ ನೀನೇ ಇನ್ನೊಂದ್ಸಲ ರುಚಿ ನೋಡ್ತೀಯಾ?"

ನನಗೇನೂ ಕೇಳಿರಲಿಲ್ಲ, ಸುಳ್ಳು ಹೇಳಿದೆ ಎನ್ನಲು ಪ್ರಸಾದ್ ಬಾಯಿ ತೆರೆದ. ಸುಳ್ಳ ಎನಿಸಿಕೊಂಡ ಟೇಸ್ಟರನ ದರ್ಜೆಯನ್ನು ಯಾರು ನಂಬುತ್ತಾರೆ? ಮುಚ್ಚಿದ.

ಮಧ್ಯಾಹ್ನ ವರ್ಕ್ಸಿನ ಬೀಗ ತೆಗೆಸಿ ಏಳನೇ ಕಾಫಿಯನ್ನು ಮತ್ತೆ ಹೀರಿದ. ಮಳೆಗೆ ನೆಂದ ಗೋಣಿಚೀಲವನ್ನೇ ಬಾಯಿಗೆ ತುರುಕಿದಂತಿತ್ತು. ಉಗುಳಿ, "ಶುದ್ಧ ರುಚಿ" ಎಂದು ಬರೆದು ಸಹಿ ಹಾಕಿದ. ಸುಳ್ಳು ಹೇಳಿದ್ದು ಕಿವಿಯ ವಿಷಯದಲ್ಲಿ. ದಂಡ ತೆತ್ತದ್ದು ನಾಲಿಗೆ.

ಸಂಜೆ ಬೋಳು ಗೋಡೆ ನೋಡಿದಾಗಲೇ ಬಟ್ಟಲುಗಳು ಬೆಳ್ಳಿಯಪ್ಪನವರ ಜೇಬಿನಲ್ಲೇ ಹೋದದ್ದು ನೆನಪಾಯಿತು. ಕೇಳೋಣವೆಂದು ಫೋನು ಎತ್ತುವಷ್ಟರಲ್ಲಿ ಅವರದೇ ಫೋನು ಬಂತು.

"ಮಾರಾಯ, ತಮಾಷೆಗೆ ಅಂತ ನಮ್ಮ ಗೋಡೆಗೆ ಹಚ್ಚಿದೆ. ಏನ್ ಹೇಳ್ಲಿ! ಕೊಳಲು ಊದೋನ ಉಸಿರೂ ಕೇಳ್ತದೆ! ಇವು ನಮ್ಮಲ್ಲೇ ಇರ್ಲಿ. ನಿನಗೇನು, ಇಲ್ದಿದ್ರೂ ಕೇಳ್ತದಲ್ಲ."