ಸಾಹೇಬರು ಕಿತ್ತ ಕಳೆ

ಕಳೆ ಕೀಳಿಸುವ ಸರಕಾರಿ ನೌಕರಿ ಮಾಡಿದವನಿಗೆ ಬಾಯಿ ಮೇಲೆ ಕೈಯಿಟ್ಟುಕೊಳ್ಳುವ ಪ್ರಸಂಗಗಳಿಗೆ ಬರವೇ ಇಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಭಟ್ಕಳ ತಾಲೂಕಿನ ಬೆಳಕೆಯಲ್ಲಿ ರೈತರಿಗೆ ಹೊಸ ಬೇಸಾಯ ಕಲಿಸುವ ಗ್ರಾಮಸೇವಕ. ನೌಕರಿ ಖಾಯಂ ಆಗಿರಲಿಲ್ಲ. ಕುಮಟೆಯಿಂದ ಸಾಹೇಬರು ಬಂದು ರೈತರಿಗೆ ತೋರಿಸಲು ನಾನು ಬೆಳೆಸಿದ ಶೇಂಗಾ ಪ್ಲಾಟು ನೋಡುವವರಿದ್ದರು. ಒಂದು ಕಳೆ ಕಂಡರೂ ಮನೆಗೆ ಕಳಿಸುತ್ತೇನೆಂದು ಮೊದಲೇ ಹೆದರಿಸಿದ್ದರು.

೧. ಖಾಲಿ ಮೇಜು

ಕಳೆಯ ಹಾನಿ ತಿಳಿಸಲು ಶಾಲೆಯ ಜಗಲಿಯಲ್ಲಿ ಸಭೆ ಕರೆದೆ. ಒಂದೆಲಗ, ಗರುಗ, ತುಂಬೆ ಎಲ್ಲ ಬುಡಸಮೇತ ತಂದು ಮೇಜಿನ ಮೇಲೆ ಸಾಲಾಗಿಟ್ಟು, "ಇವು ರೈತನ ವೈರಿಗಳು!" ಎಂದು ಅರ್ಧ ತಾಸು ಗಂಟಲು ಹರಿದುಕೊಂಡೆ. ಹೆಂಗಸರು ಕಣ್ಣು ಮಿಟುಕಿಸದೆ ಕೇಳಿದರು. ಗೆದ್ದೆ ಅಂದುಕೊಂಡು ನೀರು ಕುಡಿದು ತಿರುಗುತ್ತೇನೆ, ಮೇಜು ಖಾಲಿ! ಒಂದೆಲಗ ತಂಬುಳಿಗೆ, ಗರುಗ ತಲೆಯೆಣ್ಣೆಗೆ, ತುಂಬೆ ಮಗುವಿನ ಶೀತಕ್ಕೆ. ಮೀನು ಮಾರುವ ಅಕ್ಕ ಒಬ್ಬಳು ನನಗೇ ಗದರಿದಳು:

"ಇಷ್ಟೇ ತರೂದಾ? ಹಿಂದೆ ಕೂತವ್ರಿಗೆ ಎಂತದೂ ಸಿಕ್ಕಲಿಲ್ಲ!"

೨. ಬಾವಿ ಮೂಲೆ

ಸಾಹೇಬರು ಬರುವ ದಿನ ಆಳುಗಳಿಗೆ ಕಳೆ ಕೀಳಲು ಹೇಳಿ, ಚಾ ಕುಡಿದು ಬಂದೆ. ಪ್ಲಾಟು ಗುಡಿಸಿದ ಅಂಗಳದ ಹಾಗಿತ್ತು. ಆದರೆ ಬಾವಿ ಮೂಲೆಯಲ್ಲಿ ನೆಲನೆಲ್ಲಿ ಹಾಗೇ ಹಸಿರಾಗಿ ನಿಂತಿದೆ!

"ಅಜ್ಜಿ, ಇದನ್ನ್ಯಾಕೆ ಬಿಟ್ರಿ?" ಎಂದು ಆಳುಗಳ ಮುಂದಾಳನ್ನು ಕೇಳಿದೆ.

"ಕಳೆ ಕೀಳಿ ಅಂದ್ರಿ, ಕಿತ್ತೆವು. ಅದು ಕಾಮಾಲೆ ಔಷಧಿ. ಸುಮ್ನೆ ಕೀಳೂಕಾಗ."

"ನನ್ನ ನೌಕರಿ ಹೋಗ್ತದೆ ಅಜ್ಜಿ!"

"ನೌಕರಿ ಹೋದ್ರೆ ಇನ್ನೊಂದು ಸಿಕ್ತದೆ. ಕಾಮಾಲೆ ಬಂದ್ರೆ ಎಲ್ಲಿಗೆ ಓಡ್ತ್ರಿ?"

ನಾನೇ ಕೀಳಲು ಬಗ್ಗಿದೆ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು.

೩. ಮಾತಿಲ್ಲ ಕತೆಯಿಲ್ಲ

ಸಾಹೇಬರು ನೆಟ್ಟಗೆ ಅದೇ ಮೂಲೆಗೆ ನಡೆದರು. ಒಂದು ಹಿಡಿ ನೆಲನೆಲ್ಲಿ ಕಿತ್ತು, ಮಣ್ಣು ಕೊಡವಿ, ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಸಾರ್, ತಪ್ಪಾಯ್ತು" ಅಂದೆ. ಮಾತಿಲ್ಲ. "ಸಾರ್, ಚಾ?" ಅದಕ್ಕೂ ಇಲ್ಲ. ಜೀಪು ಹತ್ತಿ ಹೋದರು. ಅಯ್ಯೋ ದೇವರೇ, ಸಾಕ್ಷಿ ಸಮೇತ ಹೋದರಲ್ಲ! ಟ್ರಂಕಿಗೆ ಬಟ್ಟೆ ತುಂಬುವಾಗ ನಿಜಕ್ಕೂ ಅಳು ಬಂತು. ವಾರವಿಡೀ ಊಟ ಸೇರಲಿಲ್ಲ.

ವಾರದ ಮೇಲೆ ಜೀಪಿನ ಡ್ರೈವರ್ ಬಂದ. "ಸಾಹೇಬರ ಹೆಂಡ್ತಿಗೆ ಕಾಮಾಲೆ ಮಾರಾಯ್ರೆ. ಔಷಧಿ ಕಿತ್ತವ್ರು ಮನೆ ಮುಟ್ಟೂ ತನಕ ಮಾತಾಡೂಕಾಗಂತೆ. ಹೊನ್ನಾವರದಲ್ಲಿ ಜೀಪು ಪಂಕ್ಚರ್ ಆತು. ಆಗ್ಲೂ ಬಾಯಿ ಬಿಡ್ಲಿಲ್ಲ, ಕೈಸನ್ನೆಯಲ್ಲೇ ಬೈದ್ರು!" ಎನ್ನುತ್ತ ಲಕೋಟೆ ಕೊಟ್ಟ.

ಒಡೆದೆ. ಒಳಗೆ ಎರಡು ಆದೇಶ. ಒಂದು, ನನ್ನ ನೌಕರಿ ಖಾಯಂ. ಇನ್ನೊಂದು: "ಸದರಿ ಪ್ಲಾಟಿನ ಬಾವಿ ಮೂಲೆಯ ಕಳೆಯನ್ನು ಮುಂದಿನ ಆದೇಶದವರೆಗೆ ಯಾರೂ ಕೀಳತಕ್ಕದ್ದಲ್ಲ."